ಯಾವ ಸಾಲಿ ಚಲೋ ಐತ್ರಿ?

ಮೇ ತಿಂಗಳ ಕೊನೆಯ ವಾರ. ಹೊಸರಿತ್ತಿಯ ಚಹಾದಂಗಡಿಯೊಂದರಲ್ಲಿ ಮಿರ್ಚಿ ಇನ್ನೂ ಎಣ್ಣೆಯಿಂದ ಮೇಲೆದ್ದಿರಲಿಲ್ಲ. ಬೆಂಚಿನ ಮೇಲೆ ಮಳೆಯ ಮಾತು, ಗೋವಿನಜೋಳದ ಬೀಜದ ಮಾತು ನಡೆದಿತ್ತು. ಅದರ ನಡುವೆ ವರದಾ ಹೊಳೆಸಾಲಿನ ಊರೊಂದರ ರೈತರೊಬ್ಬರು ನನ್ನ ಕಡೆ ತಿರುಗಿದರು.

“ಸರ, ನೀವು ಪೇಪರ್‌ನ್ಯಾಗ ಬರೀತೀರಂತ. ಒಂದು ಮಾತು ಹೇಳ್ರಿ. ನಮ್ಮ ಹುಡುಗಿ ಐದನೇತ್ತ ಮುಗಿಸ್ಯಾಳ. ಆರನೇತ್ತಕ್ಕ ನಮ್ಮೂರ ಸಾಲ್ಯಾಗ ಬಿಡೂದೋ, ಇಲ್ಲೆ ತಂದು ಹಚ್ಚೂದೋ? ಎರಡೂ ಸರಕಾರಿ ಸಾಲಿನ. ಯಾವ ಸಾಲಿ ಚಲೋ ಐತ್ರಿ?”

ನಾನು ಬಾಯಿ ತೆರೆಯುವುದರೊಳಗೆ ಅಂಗಡಿಯೇ ಉತ್ತರ ಕೊಡತೊಡಗಿತು. ಇಲ್ಲಿ ಕಟ್ಟಡ ದೊಡ್ಡದು ಎಂದರು ಒಬ್ಬರು. ಕಟ್ಟಡ ಏನು ಪಾಠ ಹೇಳ್ತೈತೇನು ಎಂದರು ಇನ್ನೊಬ್ಬರು. ಮತ್ತೊಬ್ಬರ ಪ್ರಕಾರ ಸಣ್ಣ ಶಾಲೆಯಲ್ಲಿ ಮಾಸ್ತರರ ಕಣ್ಣು ಎಲ್ಲ ಮಕ್ಕಳ ಮೇಲೂ ಇರುತ್ತದೆ. ಮೂಲೆಯಲ್ಲಿದ್ದ ಹಿರಿಯರೊಬ್ಬರು, ಯಾವ ಶಾಲೆಯಿಂದ ಎಷ್ಟು ಹುಡುಗರು ಮೊರಾರ್ಜಿ ವಸತಿ ಶಾಲೆಗೆ ಆಯ್ಕೆಯಾಗುತ್ತಾರೋ ಅದೇ ಚಲೋ ಶಾಲೆ ಎಂದು ತೀರ್ಪು ಕೊಟ್ಟು ಬೀಡಿ ಹಚ್ಚಿದರು. ಅವರ ಮಾತಿಗೆ ಮತ್ತೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಲೆಕ್ಕವನ್ನೇ ತಲೆಕೆಳಗು ಮಾಡುವಂಥದ್ದು.

ಪ್ರಶ್ನೆ ಸರಳವಾಗಿತ್ತು. ಆದರೂ ನನಗೆ ಥಟ್ಟನೆ ಉತ್ತರ ಹೇಳಲು ಆಗಲಿಲ್ಲ. ಎರಡು ಎತ್ತು ಕಟ್ಟಿ ನಿಲ್ಲಿಸಿದರೆ ಹಲ್ಲು ನೋಡಿ, ನಡಿಗೆ ನೋಡಿ ಹೇಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಎರಡು ಶಾಲೆಗಳನ್ನು ಹಾಗೆ ನಿಲ್ಲಿಸಿದರೆ ಹಲ್ಲು ಯಾವುದು, ನಡಿಗೆ ಯಾವುದು?

ಆ ಹುಡುಗಿ ಸೇರಬೇಕಾದ ಶಾಲೆಯನ್ನು ಮಿಡ್ಲ್ ಸ್ಕೂಲ್ ಎನ್ನುವುದುಂಟು. ಆ ಮಾತು ಹಳೆಯ ಮೈಸೂರು ಸೀಮೆಯದು. ಮುಂಬೈ ಪ್ರಾಂತದಲ್ಲಿದ್ದ ನಮ್ಮ ಧಾರವಾಡ ಜಿಲ್ಲೆಗೆ ಗೊತ್ತಿದ್ದದ್ದು ಕನ್ನಡ ಸಾಲಿ. ಅದರ ಓಟ ಏಳನೆಯ ಇಯತ್ತೆಗೆ ನಿಲ್ಲುತ್ತಿತ್ತು, ಕೊನೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನು ತಾನೇ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಆ ಕಾಲಕ್ಕೆ ಶಾಲೆಗಳನ್ನು ಹೋಲಿಸಲು ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಯಾವ ಊರಿನಲ್ಲಿ ಎಷ್ಟು ಜನ ಮುಲ್ಕಿ ದಾಟಿದರು ಎಂದರೆ ಮುಗಿಯಿತು. ಮುಲ್ಕಿಗೆ ಕೂರುವ ಮೊದಲೇ ದನ ಕಾಯಲು ಹೋದವರು ಎಷ್ಟು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ತಾನೇ ಜಿಲ್ಲೆಯಾಯಿತು. ಗಂಡು ಮಕ್ಕಳ ಸಾಲಿ, ಹೆಣ್ಣು ಮಕ್ಕಳ ಸಾಲಿ, ಉರ್ದು ಸಾಲಿ ಎಂಬ ಹಳೆಯ ಹೆಸರುಗಳು ಜನರ ಬಾಯಲ್ಲಿ ಹಾಗೇ ಉಳಿದವು. ಆ ಹಳೆಯ ಪರೀಕ್ಷೆ ಮಾತ್ರ ಹೋಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಎಂಟರವರೆಗಿನದನ್ನು ಒಂದೇ ಪ್ರಾಥಮಿಕ ಶಿಕ್ಷಣ ಎಂದು ಕರೆಯಿತು. ಐದರವರೆಗೆ ಕಿರಿಯ, ಆರರಿಂದ ಎಂಟು ಹಿರಿಯ. ನಮ್ಮ ಶಾಲೆಗಳ ಗೋಡೆಗಳನ್ನು ಕಟ್ಟಿದ್ದು ಹಳೆಯ ಲೆಕ್ಕಕ್ಕೆ. ಏಳಕ್ಕೆ ಕನ್ನಡ ಸಾಲಿ ಮುಗಿಯುತ್ತದೆ, ಎಂಟಕ್ಕೆ ಹೈಸ್ಕೂಲು ಶುರು. ಹೀಗಾಗಿ ಎಂಟನೆಯ ತರಗತಿ ಗಂಡನ ಮನೆಗೂ ಸಲ್ಲದೆ ತವರಿಗೂ ಸಲ್ಲದೆ ನಡುವೆ ನಿಂತಿತು. ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎಂಟನ್ನು ಜೋಡಿಸಿದರು, ಉಳಿದವು ಏಳಕ್ಕೇ ನಿಂತಿವೆ. ಆ ರೈತರ ಮುಂದಿದ್ದದ್ದು ಇಂಥದೇ ಒಂದು ಜೋಡಿ. ಒಂದು ಏಳರವರೆಗೆ, ಇನ್ನೊಂದು ಎಂಟರವರೆಗೆ. ಹೋಲಿಕೆ ಶುರುವಾಗುವ ಮೊದಲೇ ತಕ್ಕಡಿಯ ಒಂದು ತಟ್ಟೆ ವಾಲಿದೆ.

ಆರನೆಯ ತರಗತಿಗೆ ಬಂದಾಗ ಏನು ಬದಲಾಗುತ್ತದೆ ಎಂಬುದನ್ನು ನೋಡೋಣ. ಐದರವರೆಗೆ ಒಬ್ಬರೇ ಒಳ್ಳೆಯ ಅಕ್ಕೋರು ಇದ್ದರೆ ಮಗು ದಡ ಮುಟ್ಟುತ್ತದೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ ಪದ್ಧತಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿ ರಾಜ್ಯವನ್ನೆಲ್ಲ ಹಬ್ಬಿದ್ದೂ ಈ ಬಲದಿಂದಲೇ. ಆರಕ್ಕೆ ಬಂದಾಗ ಬೀಜಗಣಿತ ಬರುತ್ತದೆ, ಋಣ ಸಂಖ್ಯೆ ಬರುತ್ತದೆ, ವಿಜ್ಞಾನ ಮತ್ತು ಸಮಾಜ ಬೇರೆ ಬೇರೆ ಪುಸ್ತಕಗಳಾಗುತ್ತವೆ. ಕಥೆ ಹೇಳುವುದರಲ್ಲಿ ಗಟ್ಟಿಗರಾದ ಮಾಸ್ತರರು ಭಿನ್ನರಾಶಿಯ ಭಾಗಾಕಾರದ ಮುಂದೆ ತಡವರಿಸಬಹುದು. ಅದಕ್ಕೇ ಕಾಯ್ದೆ ಆರರಿಂದ ಎಂಟಕ್ಕೆ ಬೇರೆಯದೇ ಅಳತೆ ಇಟ್ಟಿದೆ. ತರಗತಿಗೆ ಕನಿಷ್ಠ ಒಬ್ಬ ಶಿಕ್ಷಕರು ಇರಬೇಕು. ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು ಆಗುವಂತೆ ಅವರನ್ನು ಹೊಂದಿಸಬೇಕು. 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆಯಾಗಕೂಡದು. ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ನಡೆಯಬೇಕು. ಈ ಕೆಲಸಕ್ಕೆಂದೇ ಕರ್ನಾಟಕದಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರು ಎಂಬ ಹುದ್ದೆಗಳು ಬಂದವು. 2022ರಲ್ಲಿ ಒಮ್ಮೆಗೇ 15,000 ಹುದ್ದೆಗಳಿಗೆ ಅರ್ಜಿ ಕರೆದದ್ದು ನೆನಪಿರಬಹುದು.

ಈಗ ಸರ್ಕಾರದ ಅಂಕಿಗಳಿಗೆ ಬರೋಣ. ಪ್ರತಿ ಶಾಲೆಗೂ ಯುಡೈಸ್ ಎಂಬ ಹನ್ನೊಂದು ಅಂಕಿಯ ಸಂಖ್ಯೆಯಿದೆ. ಅದನ್ನು ಹಾಕಿ ಮೊಬೈಲಿನಲ್ಲಿ ನೋಡಿದರೆ ಆ ಶಾಲೆಯ ಕೊಠಡಿ, ಶೌಚಾಲಯ, ಮಕ್ಕಳು, ಶಿಕ್ಷಕರು ಎಲ್ಲದರ ಎಣಿಕೆ ಸಿಗುತ್ತದೆ. ಎಣಿಕೆ ಸುಳ್ಳಲ್ಲ. ಅದನ್ನು ಓದುವುದರಲ್ಲೇ ತೊಡಕಿದೆ.

ಒಂದು ಲೆಕ್ಕ ಹಿಡಿಯಿರಿ. ಒಂದರಿಂದ ಏಳರವರೆಗೆ ಇರುವ ಶಾಲೆ, ತರಗತಿಗೆ 15 ಮಕ್ಕಳು, ಒಟ್ಟು 105. ಶಿಕ್ಷಕರು ನಾಲ್ವರು. ಭಾಗಿಸಿದರೆ ಒಬ್ಬರಿಗೆ 26 ಮಕ್ಕಳು. ಕಾಗದದ ಮೇಲೆ ಭೇಷ್ ಎನ್ನಿಸುವ ಸಂಖ್ಯೆ. ಬೆಂಗಳೂರಿನ ದುಬಾರಿ ಶಾಲೆಯೂ ಜಾಹೀರಾತಿನಲ್ಲಿ ಹಾಕಿಕೊಳ್ಳಬಹುದು. ಶಾಲೆಯೊಳಗೆ ಕಾಲಿಟ್ಟು ನೋಡಿ. ಏಳು ತರಗತಿ, ನಾಲ್ವರು. ಅವರಲ್ಲೊಬ್ಬರು ಮುಖ್ಯಗುರುಗಳು. ಬಿಸಿಯೂಟದ ಅಕ್ಕಿ, ಹಾಲಿನ ಪುಡಿ, ಮೊಟ್ಟೆಯ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ಎಂಟ್ರಿ, ಬಿಇಒ ಕಚೇರಿಯ ಸಭೆ ಇವೆಲ್ಲ ಅವರ ಪಾಲು. ಉಳಿದ ಮೂವರು ಏಳು ತರಗತಿಗಳ ನಡುವೆ ಓಡಾಡುತ್ತಾರೆ. ಒಂದು ಕೋಣೆಯಲ್ಲಿ ಪಾಠ, ಪಕ್ಕದ ಕೋಣೆಯಲ್ಲಿ “ನಕಲು ಬರೀರಿ”. ಈ ಶಾಲೆ ಯಾರನ್ನೂ ವಂಚಿಸುತ್ತಿಲ್ಲ. ಸರಾಸರಿ ಎಂಬುದು ಇದ್ದದ್ದನ್ನೇ ಹೇಳಿ ಮುಖ್ಯವಾದದ್ದನ್ನು ಮುಚ್ಚುವ ಜಾಣ.

ಸಣ್ಣ ಶಾಲೆಯಲ್ಲಿ ಮಾಸ್ತರರ ಕಣ್ಣು ಎಲ್ಲರ ಮೇಲೂ ಇರುತ್ತದೆ ಎಂಬ ಅಂಗಡಿಯ ಮಾತು ಇಲ್ಲಿ ತಿರುವು ಪಡೆಯುತ್ತದೆ. ಕಣ್ಣು ಇರುತ್ತದೆ ನಿಜ, ಗಣಿತದ ಮಾಸ್ತರರೇ ಇರುವುದಿಲ್ಲ. ಹುದ್ದೆಗಳು ಮಕ್ಕಳ ತಲೆ ಎಣಿಸಿ ಹಂಚಿಕೆಯಾಗುತ್ತವೆ. ದಾಖಲಾತಿ ಇಳಿದರೆ ಒಬ್ಬರು ‘ಹೆಚ್ಚುವರಿ’ ಆಗುತ್ತಾರೆ. ಹೆಚ್ಚುವರಿ ಎಂಬುದು ಶಿಕ್ಷಕರ ಬಾಯಲ್ಲಿ ಬೈಗುಳಕ್ಕೆ ಸಮನಾದ ಶಬ್ದ. ಕೌನ್ಸೆಲಿಂಗ್ ನಡೆದು ಅವರು ಬೇರೆ ಶಾಲೆಗೆ ಹೋಗುತ್ತಾರೆ. ಹೋದವರು ವಿಜ್ಞಾನದವರಾಗಿದ್ದರೆ ಮುಂದಿನ ಜೂನ್‌ನಲ್ಲಿ ಇನ್ನು ನಾಲ್ಕು ಮನೆಯವರು ಮಕ್ಕಳ ದಾಖಲೆ ಕಿತ್ತುಕೊಂಡು ದೊಡ್ಡ ಊರಿನ ಶಾಲೆಗೆ ಒಯ್ಯುತ್ತಾರೆ. ದಾಖಲಾತಿ ಮತ್ತೆ ಇಳಿಯುತ್ತದೆ, ಮತ್ತೊಬ್ಬರು ಹೆಚ್ಚುವರಿಯಾಗುತ್ತಾರೆ. ಖಾಸಗಿ ಶಾಲೆಯ ಹಳದಿ ವ್ಯಾನು ಸರ್ಕಾರಿ ಶಾಲೆಯನ್ನು ಖಾಲಿ ಮಾಡಿತು ಎಂಬ ದೂರು ಎಲ್ಲ ಕಡೆ ಕೇಳುತ್ತೇವೆ. ಒಂದು ಸರ್ಕಾರಿ ಶಾಲೆ ಇನ್ನೊಂದು ಸರ್ಕಾರಿ ಶಾಲೆಯನ್ನು, ಯಾರ ಕೆಟ್ಟ ಉದ್ದೇಶವೂ ಇಲ್ಲದೆ, ಹೀಗೆ ಖಾಲಿ ಮಾಡುವುದು ಕಣ್ಣಿಗೆ ಬೀಳುವುದು ಕಡಿಮೆ. ಹಾಗಾಗಿ ಆ ರೈತರು ಯಾವ ಶಾಲೆ ಚಲೋ ಎಂದು ಕೇಳಿ ಮಗಳನ್ನು ಆ ಕಡೆ ಒಯ್ದರೆ, ಒಯ್ದ ಕಾರಣಕ್ಕೇ ಅದು ಇನ್ನಷ್ಟು ಚಲೋ ಆಗುತ್ತದೆ, ಬಿಟ್ಟುಬಂದ ಶಾಲೆ ಇನ್ನಷ್ಟು ಸೊರಗುತ್ತದೆ.

ಇನ್ನು ಮೊರಾರ್ಜಿಯ ಮಾತು. ಐದನೆಯ ತರಗತಿ ಮುಗಿಯುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಒಂದು ಸದ್ದಿಲ್ಲದ ಸುಗ್ಗಿ ನಡೆಯುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ, ನವೋದಯ ಎಲ್ಲವೂ ಆರನೆಯ ತರಗತಿಗೇ ಮಕ್ಕಳನ್ನು ತೆಗೆದುಕೊಳ್ಳುತ್ತವೆ, ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತವೆ. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರಾದ ಹೊಸರಿತ್ತಿಯಲ್ಲೇ ಗಾಂಧಿ ಗ್ರಾಮೀಣ ಗುರುಕುಲವಿದೆ. ಅಲ್ಲಿನ ಹುಡುಗರು ಪಾಠದ ಜೊತೆ ಹೊಲ, ದನದ ಕೊಟ್ಟಿಗೆಯ ಕೆಲಸವನ್ನೂ ಮಾಡುತ್ತ ಬೆಳೆಯುತ್ತಾರೆ. ಅದು ವಸತಿ ಶಾಲೆ, ಬೇರೆ ಊರುಗಳ ಮಕ್ಕಳೂ ಅಲ್ಲಿದ್ದಾರೆ. ಹಗಲೆಲ್ಲ ಇದ್ದು ಸಂಜೆ ಮನೆಗೆ ಹೋಗುವ ಮಕ್ಕಳ ಶಾಲೆಯನ್ನು ಅದರ ಪಕ್ಕ ನಿಲ್ಲಿಸಿ ಅಳೆಯುವುದು, ಹಿತ್ತಲಿನ ಬಾವಿಯನ್ನು ಕೆರೆಯೊಂದಿಗೆ ಹೋಲಿಸಿದಂತೆ.

ಈ ಸುಗ್ಗಿಯ ಲೆಕ್ಕ ಹೇಗಿರುತ್ತದೆ? ಐದನೆಯ ತರಗತಿಯಲ್ಲಿ 12 ಮಕ್ಕಳು, ನೂರಕ್ಕೆ ಸರಾಸರಿ 60 ಅಂಕ ಎಂದುಕೊಳ್ಳಿ. ಅಕ್ಕೋರು ಸಂಜೆ ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಇಬ್ಬರನ್ನು ತಯಾರು ಮಾಡಿದರು. 95ರ ಹುಡುಗಿ ನವೋದಯಕ್ಕೆ, 90ರ ಹುಡುಗ ಮೊರಾರ್ಜಿಗೆ. ಊರಲ್ಲಿ ಪೇಢೆ ಹಂಚಿದರು. ಜೂನ್‌ನಲ್ಲಿ ಉಳಿದ ಹತ್ತು ಮಕ್ಕಳೊಂದಿಗೆ ಆರನೆಯ ತರಗತಿ ಶುರುವಾದಾಗ ಸರಾಸರಿ ಐವತ್ಮೂರೂವರೆಗೆ ಇಳಿದಿರುತ್ತದೆ. ಆ ಹತ್ತರಲ್ಲಿ ಒಬ್ಬರೂ ಒಂದಕ್ಷರ ಮರೆತಿಲ್ಲ. ಪಕ್ಕದ ಊರಿನ ಶಾಲೆಯಲ್ಲಿ ಯಾರನ್ನೂ ತಯಾರು ಮಾಡಲಿಲ್ಲ, ಯಾರೂ ಹೋಗಲಿಲ್ಲ. ಅದರ ಸರಾಸರಿ 58ರಲ್ಲೇ ಇದೆ, ಈಗ ಅದೇ ಮುಂದೆ! ಮಿಡ್ಲ್ ಸ್ಕೂಲ್ ಹೋಲಿಸುವವರು ಕಲಿಸಿದ ಶಾಲೆಗೆ ದಂಡ ಹಾಕಿ ಸುಮ್ಮನಿದ್ದ ಶಾಲೆಗೆ ಹಾರ ಹಾಕುವ ಅಪಾಯ ಇಲ್ಲಿದೆ. ಬೀಡಿ ಹಚ್ಚಿದ ಹಿರಿಯರು ಐದರವರೆಗಿನ ಶಾಲೆಯ ಮಟ್ಟಿಗೆ ಸರಿ ಹೇಳಿದ್ದರು. ಆರನೆಯ ತರಗತಿಗೆ ಸೇರುವ ಹುಡುಗಿಗೆ ಆ ಅಳತೆ ಏನನ್ನೂ ಹೇಳುವುದಿಲ್ಲ. ಆಯ್ಕೆಯಾಗಿ ಹೋದವರು ಅವಳ ಪಕ್ಕದ ಬೆಂಚಿನಲ್ಲಿ ಇರುವುದಿಲ್ಲವಲ್ಲ.

ಇದರೊಳಗೇ ಇನ್ನೊಂದು ಮಾತು ಅಡಗಿದೆ. ಹತ್ತು ಹನ್ನೆರಡು ಮಕ್ಕಳ ತರಗತಿಯಲ್ಲಿ ಒಬ್ಬರು ಬಂದರೂ ಹೋದರೂ ಸರಾಸರಿ ಜೋಕಾಲಿಯಾಡುತ್ತದೆ. ಒಂದು ವರ್ಷ ಜಾಣ ಅವಳಿ ಮಕ್ಕಳಿದ್ದರೆ ಶಾಲೆ ಕ್ಲಸ್ಟರಿಗೇ ಮೊದಲು, ಮರುವರ್ಷ ಇಬ್ಬರಿಗೆ ಕಾಮಾಲೆಯಾದರೆ ಕೊನೆಗೆ. ಶಿಕ್ಷಕರು ಅವರೇ, ಪಾಠವೂ ಅದೇ. ಅಮೆರಿಕದಲ್ಲಿ ಈ ಸಣ್ಣ ಸಂಖ್ಯೆಯ ಆಟ ಗೊತ್ತಾಗದೆ ದೊಡ್ಡ ದುಡ್ಡು ಖರ್ಚಾಯಿತು. ಅಲ್ಲಿ ಒಳ್ಳೆಯ ಫಲಿತಾಂಶದ ಶಾಲೆಗಳ ಪಟ್ಟಿ ತೆಗೆದು ನೋಡಿದರೆ ಸಣ್ಣ ಶಾಲೆಗಳು ಎದ್ದು ಕಾಣುತ್ತಿದ್ದವು. ಹಾಗಾದರೆ ಸಣ್ಣದೇ ಒಳ್ಳೆಯದು ಎಂದು ಗೇಟ್ಸ್ ಪ್ರತಿಷ್ಠಾನದಂಥವು ದೊಡ್ಡ ಶಾಲೆಗಳನ್ನು ಒಡೆದು ಸಣ್ಣದು ಮಾಡುವ ಕೆಲಸಕ್ಕೆ ಕೋಟಿ ಕೋಟಿ ಡಾಲರ್ ಸುರಿದವು. ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೇನರ್ 2007ರಲ್ಲಿ ಬರೆದ ಲೇಖನವೊಂದರಲ್ಲಿ ಪಟ್ಟಿಯ ಕೆಳತುದಿಯನ್ನೂ ತೋರಿಸಿದರು. ಅಲ್ಲೂ ಸಣ್ಣ ಶಾಲೆಗಳೇ ಗುಂಪುಗೂಡಿದ್ದವು. ಮಕ್ಕಳು ಕಡಿಮೆಯಿದ್ದಷ್ಟೂ ಸಂಖ್ಯೆ ಮೇಲಕ್ಕೂ ಕೆಳಕ್ಕೂ ಹೆಚ್ಚು ಹಾರುತ್ತದೆ, ಅಷ್ಟೇ. ಇದು ದುಡ್ಡು ಸುರಿದ ಆ ಶ್ರೀಮಂತರಿಗೆ ತಡವಾಗಿ ತಿಳಿಯಿತು. ಎರಡೇ ಆಕಳು ಕಟ್ಟಿದ ಮನೆಯ ಹೆಣ್ಣುಮಗಳಿಗೆ ಮೊದಲಿನಿಂದ ಗೊತ್ತು. ಒಂದು ಗಬ್ಬವಾಗಿ ಬತ್ತಿದರೆ ಮನೆಯ ಹಾಲು ಅರ್ಧಕ್ಕೆ ಇಳಿಯುತ್ತದೆ.

ಹಾಗಾದರೆ ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟುಬಿಡಬಹುದಲ್ಲ? ಇಟ್ಟು ನೋಡಿದ್ದಾಯಿತು. 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯಿತು, ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿ ವಿಭಾಗೀಯ ಪೀಠ ಅನುಮತಿ ಕೊಟ್ಟ ಮೇಲೆ. ಮರುವರ್ಷ ಐದು, ಎಂಟು, ಒಂಬತ್ತು, ಹನ್ನೊಂದಕ್ಕೆ ಮತ್ತೆ ಅದೇ ಜಗಳ. ಪರೀಕ್ಷೆ ಮುಗಿದು ಫಲಿತಾಂಶ ಹೊರಬೀಳುವ ಹೊತ್ತಿಗೆ, 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹತ್ತು ವರ್ಷದ ಮಗುವಿಗೆ ಪಬ್ಲಿಕ್ ಪರೀಕ್ಷೆ ಬೇಕೇ ಎಂಬ ವಾದವನ್ನು ಬದಿಗಿಟ್ಟರೂ, ಅಂಥ ಅಂಕಗಳಿಂದ ಶಾಲೆಗಳನ್ನು ಸಾಲು ನಿಲ್ಲಿಸಬಹುದೇ ಎಂದು ನನಗೆ ಅನುಮಾನ. ಎಸ್ಸೆಸ್ಸೆಲ್ಸಿ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಧಾರಾಳವಾಗಿ ಕೃಪಾಂಕ ಸುರಿದ ಮೇಲೆ. ಒಂದು ವರ್ಷದಲ್ಲಿ ರಾಜ್ಯದ ಹುಡುಗರೆಲ್ಲ ದಡ್ಡರಾದರು ಎಂದು ಯಾರೂ ನಂಬಲಾರರು.

ಪರೀಕ್ಷೆಯ ಭಯವಿಲ್ಲದೆ ಅಳೆಯುವ ದಾರಿಯೂ ಇದೆ. ‘ಅಸರ್’ ಸಮೀಕ್ಷೆಯವರು ಶಾಲೆಗೆ ಹೋಗದೆ ಮನೆ ಮನೆಗೆ ಬರುತ್ತಾರೆ. ಎರಡನೆಯ ತರಗತಿ ಮಟ್ಟದ ಒಂದು ಸಣ್ಣ ಕಥೆ ಓದು ಎನ್ನುತ್ತಾರೆ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸು ಎನ್ನುತ್ತಾರೆ. ಅಷ್ಟೇ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಆ 600 ಮನೆಗಳಿಂದ ಜಿಲ್ಲೆಯ, ರಾಜ್ಯದ ಚಿತ್ರ ಸಿಗುತ್ತದೆ. ಒಂದು ಊರಿನ ಎರಡು ಶಾಲೆಗಳ ಚಿತ್ರ ಅದರಲ್ಲಿ ಸಿಗುವುದಿಲ್ಲ, ಸಿಗಲೆಂದು ಅದನ್ನು ಮಾಡಿಯೂ ಇಲ್ಲ.

ಊರಮಟ್ಟದಲ್ಲಿ ಅಳೆದವರು ನಮ್ಮ ರಾಜ್ಯದಲ್ಲೇ ಇದ್ದಾರೆ. 2002ರ ಹೊತ್ತಿಗೆ ಈಶಾನ್ಯ ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರದೊಂದಿಗೆ ಸೇರಿ ಕಲಿಕಾ ಖಾತರಿ ಎಂಬ ಕಾರ್ಯಕ್ರಮ ಆರಂಭಿಸಿತು. ಸರ್ಕಾರಿ ಶಾಲೆಗಳು ತಾವಾಗಿ ಮುಂದೆ ಬಂದು “ನಮ್ಮನ್ನು ಅಳೆಯಿರಿ” ಎನ್ನಬೇಕಿತ್ತು. ನನಗೆ ಅದರಲ್ಲಿ ಮೆಚ್ಚುಗೆಯಾದದ್ದು ಬಹುಮಾನದ ಕರಾರು. ಅಂಕ ಒಂದೇ ಸಾಲದು. ಊರಿನ ಮಕ್ಕಳೆಲ್ಲ ದಾಖಲಾಗಿರಬೇಕು, ದಾಖಲಾದವರು ದಿನವೂ ಬರುತ್ತಿರಬೇಕು, ಬಂದವರು ಕಲಿತಿರಬೇಕು. ಮೂರೂ ಕೂಡಿದರೆ ಬಹುಮಾನ. ದಡ್ಡ ಹುಡುಗನನ್ನು ಪರೀಕ್ಷೆಯ ದಿನ ಮನೆಯಲ್ಲಿ ಉಳಿಸಿ ಸರಾಸರಿ ಏರಿಸುವ ಹಳೆಯ ಕಸರತ್ತು ಅಲ್ಲಿ ನಡೆಯುತ್ತಿರಲಿಲ್ಲ. ಪಕ್ಕದ ಶಾಲೆಯನ್ನು ಸೋಲಿಸುವುದೂ ಬೇಕಿರಲಿಲ್ಲ. ಕಟ್ಟೆ ಒಂದಿತ್ತು, ಏರಿದವರೆಲ್ಲ ಗೆದ್ದಂತೆ.

ಈಗ ಅಕ್ಷರ ಫೌಂಡೇಶನ್‌ನವರು ನಡೆಸುವ ಗ್ರಾಮ ಪಂಚಾಯಿತಿ ಗಣಿತ ಸ್ಪರ್ಧೆಗಳು ಇದರ ಇನ್ನೊಂದು ಬಗೆ. ಪಂಚಾಯಿತಿಯ ವ್ಯಾಪ್ತಿಯ ಸರ್ಕಾರಿ ಶಾಲೆಗಳ ನಾಲ್ಕು, ಐದು, ಆರನೆಯ ತರಗತಿಯ ಮಕ್ಕಳು ಒಂದೇ ದಿನ ಒಂದೆಡೆ ಕೂತು ಗಣಿತ ಬಿಡಿಸುತ್ತಾರೆ. ಬಹುಮಾನಕ್ಕೆ, ಊಟಕ್ಕೆ ಊರವರೇ ದುಡ್ಡು ಕೂಡಿಸುವುದುಂಟು. ಗೆದ್ದ ಹುಡುಗಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ, ಓಡಾಡಲಿ. ನಿಜವಾದ ಸರಕು ಮಾತ್ರ ಬೇರೆ ಇದೆ: ಕೂಡುವುದು ಎಲ್ಲರಿಗೂ ಬಂತು, ದಶಕ ತೆಗೆದು ಕಳೆಯುವುದರಲ್ಲಿ ಅರ್ಧ ಮಕ್ಕಳು ಎಡವಿದರು, ಭಾಗಾಕಾರದಲ್ಲಿ ಪಂಚಾಯಿತಿಯ ಎಲ್ಲ ಶಾಲೆಗಳೂ ಎಡವಿದವು ಎಂಬಂಥ ಮಾಹಿತಿ ಅದರಿಂದ ಹೊರಡುತ್ತದೆ. ಎಲ್ಲ ಶಾಲೆಗಳೂ ಒಂದೇ ಕಲ್ಲಿಗೆ ಎಡವಿದರೆ ಯಾವ ಶಾಲೆ ಚಲೋ ಎಂದು ಕೇಳುತ್ತ ಕೂರುವುದಕ್ಕಿಂತ ಆ ಕಲ್ಲು ಕಿತ್ತುಹಾಕುವುದು ಸಲೀಸು.

ನಮ್ಮ ಜಿಲ್ಲೆಗೆ ಬಂದರೆ ಋತುಮಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ ಮಾಡುವ ಕೆಲಸ, ಶುರುವಾದರೆ ಹೂವಿನ ಎತ್ತರಕ್ಕೆ ಸರಿಯಾಗಿ ನಿಲ್ಲುವ ಸಣ್ಣ ಕೈಗಳಿಗೆ ಬೇಡಿಕೆ ಬರುತ್ತದೆ. ಕಾಯ್ದೆ ಬೇಡ ಎನ್ನುತ್ತದೆ, ಹಾಜರಿ ಪುಸ್ತಕ ಸುಮ್ಮನಿರುತ್ತದೆ. ಬ್ಯಾಡಗಿ ಪೇಟೆಗೆ ಜನವರಿಯಿಂದ ಮೆಣಸಿನಕಾಯಿ ಹರಿದುಬರುವಾಗ ತಾಯಂದಿರು ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಮನೆಯ ಕೂಸನ್ನು ನೋಡಿಕೊಳ್ಳುವ ಪಾಳಿ ಏಳನೆಯ ತರಗತಿಯ ಅಕ್ಕನಿಗೆ ಬರುತ್ತದೆ. ಮಿಡ್ಲ್ ಸ್ಕೂಲಿನ ವಯಸ್ಸು ಅಂಥದ್ದು, ಕೆಲಸಕ್ಕೆ ಬರುವಷ್ಟು ದೊಡ್ಡವರು, ಬೇಡ ಎನ್ನಲಾರದಷ್ಟು ಸಣ್ಣವರು. ಎರಡು ಶಾಲೆಗಳಲ್ಲಿ ಒಂದರ ಮಕ್ಕಳು ನೀರಾವರಿ ಹೊಲದವರ ಮನೆಯವರು, ಇನ್ನೊಂದರವರು ಕೂಲಿಯವರ ಮನೆಯವರು ಆಗಿದ್ದರೆ, ಅಂಕದ ಅಂತರದಲ್ಲಿ ಎಷ್ಟು ಪಾಲು ಮಾಸ್ತರರದು, ಎಷ್ಟು ಪಾಲು ಮನೆಯದು? ಅಮೆರಿಕದಲ್ಲಿ 1966ರಲ್ಲಿ ಬಂದ ಕೋಲ್‌ಮನ್ ವರದಿ ಮನೆಯದೇ ದೊಡ್ಡ ಪಾಲು ಎಂದು ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಶಾಲೆಯ ಪಾಲು ಸೊನ್ನೆ ಎಂದು ಮಾತ್ರ ಅದನ್ನು ಓದಬಾರದು. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಶಾಲೆ ಬಿಟ್ಟರೆ ಬೇರೆ ಗತಿಯಿಲ್ಲ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮಿರ್ಚಿ ಎರಡು ಒಬ್ಬೆ ಇಳಿದಿತ್ತು. ರೈತರು ಸಹನೆಯಿಂದ ಕೇಳಿ, “ಎಲ್ಲಾ ಖರೇರಿ. ಹಂಗಾದ್ರ ನಾ ಏನ್ ನೋಡ್ಲಿ?” ಎಂದರು. ಅಂಕಣಕಾರರು ತಪ್ಪಿಸಿಕೊಳ್ಳುವ ಜಾಗ ಇದೇ. ಅವರು ಬಿಡಲಿಲ್ಲ.

ಮೊದಲು ಏಳನೆಯ ತರಗತಿಯಲ್ಲಿ ಓದುವ ನೆರೆಮನೆಯ ಮಗುವಿನ ನೋಟ್‌ಬುಕ್ ಇಸಿದುಕೊಂಡು ನೋಡಿ ಎಂದೆ, ಎರಡೂ ಶಾಲೆಗಳದ್ದು. ಎಲ್ಲ ಮಕ್ಕಳ ನೋಟ್‌ಬುಕ್ಕಿನಲ್ಲೂ ಒಂದೇ ವಾಕ್ಯ, ಒಂದೇ ಅಡ್ಡಗೆರೆ ಇದ್ದರೆ ಅದು ಬೋರ್ಡಿನಿಂದ ಇಳಿಸಿಕೊಂಡದ್ದು. ಮಗು ತಾನೇ ಬರೆದ ತಪ್ಪು ವಾಕ್ಯವಿದ್ದು, ಅದರ ಕೆಳಗೆ ಕೆಂಪು ಶಾಯಿಯಲ್ಲಿ ತಿದ್ದಿದ್ದು ಕಂಡರೆ, ಮರುಪುಟದಲ್ಲಿ ಅದೇ ಲೆಕ್ಕ ಸರಿಯಾಗಿ ಬಂದಿದ್ದರೆ, ಅಲ್ಲಿ ಪಾಠ ನಡೆದಿದೆ. ತಪ್ಪೇ ಇಲ್ಲದ ನೋಟ್‌ಬುಕ್ ನನಗೆ ಅನುಮಾನ ತರಿಸುತ್ತದೆ. ಇದಕ್ಕೆ ಮೊಬೈಲೂ ಬೇಡ, ಇಂಗ್ಲಿಷೂ ಬೇಡ. ತಂದೆಗೆ ಓದು ಬರದಿದ್ದರೂ ಕೆಂಪು ಶಾಯಿ ಕಾಣುತ್ತದೆ.

ಎರಡನೆಯದು, ಆರರಿಂದ ಮೇಲೆ ಗಣಿತ ಯಾರು ಹೇಳುತ್ತಾರೆ ಎಂದು ನೇರ ಕೇಳುವುದು. ಕಾಯಂ ಹುದ್ದೆಯವರೋ ಅತಿಥಿ ಶಿಕ್ಷಕರೋ, ಹೋದ ವರ್ಷ ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಎಂದೂ ಕೇಳಬೇಕು. ಅತಿಥಿ ಶಿಕ್ಷಕರಲ್ಲಿ ಅದ್ಭುತವಾಗಿ ಕಲಿಸುವವರನ್ನು ಕಂಡಿದ್ದೇನೆ. ಅವರ ಆದೇಶ ತಡವಾದರೆ ಮಾತ್ರ ಋಣ ಸಂಖ್ಯೆಯ ಪಾಠ ದಸರಾ ರಜೆಯ ಆಚೆ ಹೋಗುತ್ತದೆ. ಇನ್ನು ಹೆಣ್ಣುಮಗುವಾದ್ದರಿಂದ ಶೌಚಾಲಯದ ಬಾಗಿಲಿಗೆ ಒಳಚಿಲಕ ಇದೆಯೇ, ನಳದಲ್ಲಿ ನೀರು ಬರುತ್ತದೆಯೇ ಎಂದು ಅವಳ ತಾಯಿ ಹೋಗಿ ನೋಡಿಬರಲಿ. ಯುಡೈಸ್‌ನಲ್ಲಿ ‘ಇದೆ’ ಎಂದು ಬರೆದ ಶೌಚಾಲಯಕ್ಕೆ ಬೀಗ ಬಿದ್ದಿರುವುದುಂಟು. ಏಳನೆಯ ತರಗತಿಯಲ್ಲಿ ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪುವುದಕ್ಕೂ ಒಳಚಿಲಕಕ್ಕೂ ಇರುವ ನಂಟು ಯಾವ ಫಲಿತಾಂಶ ಪಟ್ಟಿಯಲ್ಲೂ ಬರುವುದಿಲ್ಲ.

ದೂರದ ಮಾತನ್ನು ಅವರೇ ಎತ್ತಿದರು. ಆರರಿಂದ ಎಂಟರ ಶಾಲೆ ಮೂರು ಕಿಲೋಮೀಟರ್ ಒಳಗೆ ಇರಬೇಕೆಂದು ನಿಯಮ ಹೇಳುತ್ತದೆ. ವರದೆ ತುಂಬಿ ಹರಿಯುವ ಆಗಸ್ಟ್‌ನಲ್ಲಿ ಆ ಮೂರು ಕಿಲೋಮೀಟರ್ ಯಾರ ಅಳತೆಗೂ ಸಿಗುವುದಿಲ್ಲ. ಎಂಟನೆಯ ತರಗತಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ಲೂ ಕೋವಿಡ್ ಬಂದಾಗ ನಿಂತದ್ದು ಅವರಿಗೆ ಗೊತ್ತಿತ್ತು.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ ಎಂಬುದು ಇದೆಯಲ್ಲ, ಅಲ್ಲಿ ಕೇಳಿ ಎಂದೆ. ಅವರು ನಕ್ಕರು. ನಾನೇ ಮೆಂಬರ್ ಇದ್ದೀನ್ರಿ ಎಂದರು. 2001ರಲ್ಲಿ ನಮ್ಮ ರಾಜ್ಯ ಈ ಸಮಿತಿಗಳನ್ನು ಮಾಡಿದ್ದು ಪಾಲಕರು ಶಾಲೆಯನ್ನು ಹತ್ತಿರದಿಂದ ನೋಡಲಿ ಎಂದು. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳಿರಬೇಕು. ಸಭೆಯಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದೆ. “ಕಂಪೌಂಡ್ ಗ್ವಾಡಿ, ಅಡಿಗಿ ಖೋಲಿ, ಆಗಸ್ಟ್ ಹದಿನೈದಕ್ಕ ಬೂಂದಿ.” ಭಾಗಾಕಾರದ ಮಾತು? “ಅದು ಮಾಸ್ತರರಿಗೆ ಬಿಟ್ಟದ್ದಲ್ರೀ.” ಶಾಲೆ ಹೋಲಿಸಲು ಅಂಕಿ ಹುಡುಕುತ್ತ ನಾನು ಬೆಂಗಳೂರು, ದಿಲ್ಲಿ, ಅಮೆರಿಕ ಸುತ್ತಿಬಂದಿದ್ದೆ. ಅಳೆಯುವ ಅಧಿಕಾರ ಇದ್ದವರು ಎದುರು ಬೆಂಚಿನಲ್ಲೇ ಕೂತಿದ್ದರು.

ಜೂನ್ ಎರಡನೆಯ ವಾರ ಅವರ ಫೋನು ಬಂತು.

“ಎರಡೂ ಕಡೆ ಹೋಗಿ ಬಂದ್ನಿರಿ ಸರ. ನೋಟ್‌ಬುಕ್ಕೂ ನೋಡಿದ್ನಿ. ನಮ್ಮೂರಾಗ ಗಣಿತಕ್ಕ ಅಕ್ಕೋರು ಅದಾರ, ಕೆಂಪು ಶಾಯಿ ಕಂಡ್ತು. ಖರೆ ಎಂಟನೇತ್ತ ಇಲ್ಲ. ಅಲ್ಲೆ ಎಂಟನೇತ್ತ ಐತಿ, ಗಣಿತಕ್ಕ ಗೆಸ್ಟ್ ಬರ್ತಾರಂತ, ಇನ್ನಾ ಆರ್ಡರ್ ಬಂದಿಲ್ಲಂತ.”

“ಮತ್ತೇನು ಮಾಡಿದಿರಿ?”

“ಹುಡುಗಿನ್ನ ಕೇಳಿದ್ನಿ. ಅಕ್ಕೋರು ಇದ್ದಲ್ಲೆ ಅಂದ್ಲು. ಹಚ್ಚೀನಿ.” ಆ ಕಡೆ ಸ್ವಲ್ಪ ಹೊತ್ತು ಟ್ರ್ಯಾಕ್ಟರ್ ಸದ್ದು. “ಒಂದು ಕೇಳೂದು ಮರತ್ನಿ ನೋಡ್ರಿ. ಆ ಅಕ್ಕೋರಿಗೆ ವರ್ಗ ಯಾವಾಗ ಆಗ್ತೈತಿ?”